ದಡದಲ್ಲಿ ನಿಂತವರೂ ಜೀವ ಉಳಿಸುತ್ತಾರೆ

ಕಪಿಲೆ ಉಕ್ಕಿ ಹರಿದರೆ ನಂಜನಗೂಡಿನ ದಡದಲ್ಲಿ ಜನಜಾತ್ರೆ. ಕಳಲೆಯೂ ಸೇರಿದಂತೆ ಸುತ್ತಲಿನ ಹಳ್ಳಿಗಳ ಜನ ಹೊಳೆ ನೋಡಲೆಂದೇ ಬರುತ್ತಾರೆ. ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಎಂಬುದೇ ಪ್ರವಾಹದ ಅಳತೆಗೋಲು. ಕಳಲೆ ಮನೆತನದ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇಂಥ ಎಷ್ಟೋ ಪ್ರವಾಹಗಳನ್ನು ಕಂಡಿದೆ. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು 1 ಲಕ್ಷ ಕ್ಯೂಸೆಕ್ ದಾಟಿದಾಗ ಪಟ್ಟಣದ ತಗ್ಗು ಬೀದಿಗಳಿಗೆ ನೀರು ನುಗ್ಗಿತು. ಮಲ್ಲನಮೂಲೆಯ ಬಳಿ ಹೆದ್ದಾರಿ ಮುಳುಗಿ ಮೈಸೂರು ರಸ್ತೆಯ ಸಂಚಾರವೇ ನಿಂತಿತು.

ಇಂಥ ಹೊತ್ತಿನಲ್ಲಿ ಎಲ್ಲರ ಕಣ್ಣೂ ದೋಣಿಯ ಮೇಲೆ. ಹುಟ್ಟು ಹಾಕುವವನು, ನೀರಿಗೆ ಧುಮುಕುವವನು ಸಹಜವಾಗಿಯೇ ನಾಯಕನಾಗುತ್ತಾನೆ. ಆದರೆ ಆ ದೋಣಿಯನ್ನು ದಡಕ್ಕೆ ತಂದವರು ಯಾರು? ಹಗ್ಗ ಹಿಡಿದು ನಿಂತವರು ಯಾರು? ಕರೆತಂದವರ ಲೆಕ್ಕ ಇಟ್ಟವರು ಯಾರು? ಈ ಪ್ರಶ್ನೆಗಳಿಗೆ ಇನ್ನೂರು ವರ್ಷಗಳಿಂದ ಉತ್ತರ ಕೊಡುತ್ತ ಬಂದಿರುವ ಸಂಸ್ಥೆಯೊಂದು ಬ್ರಿಟನ್ನಿನಲ್ಲಿದೆ.

ಅದರ ಹೆಸರು ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್. ಸರ್ ವಿಲಿಯಂ ಹಿಲರಿ ಎಂಬಾತನ ಪ್ರಯತ್ನದಿಂದ 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಇದು ಹುಟ್ಟಿತು. ಬ್ರಿಟನ್ ಮತ್ತು ಐರ್ಲೆಂಡ್ ತೀರದಲ್ಲಿ ಇದರ 230ಕ್ಕೂ ಹೆಚ್ಚು ಜೀವರಕ್ಷಕ ದೋಣಿ ಕೇಂದ್ರಗಳಿವೆ. ಮೊದಲ ಇನ್ನೂರು ವರ್ಷಗಳಲ್ಲಿ 1 ಲಕ್ಷ 46 ಸಾವಿರಕ್ಕೂ ಹೆಚ್ಚು ಜೀವಗಳನ್ನು ಉಳಿಸಿದ್ದಾಗಿ ಸಂಸ್ಥೆ ಲೆಕ್ಕ ಹೇಳುತ್ತದೆ. ಇಲ್ಲಿ ದುಡಿಯುವವರಲ್ಲಿ ಬಹುಪಾಲು ಜನ ಸ್ವಯಂಸೇವಕರು. ಅವರಲ್ಲಿ ಎಷ್ಟೋ ಮಂದಿ ಸಮುದ್ರಕ್ಕೆ ಇಳಿಯುವುದೇ ಇಲ್ಲ.

ದಡದ ಕೆಲಸಗಳು ಹಲವು. ಕರಾವಳಿ ಕಾವಲು ಪಡೆಯಿಂದ ಕರೆ ಬಂದಾಗ ದೋಣಿಯನ್ನು ಕಳುಹಿಸಬೇಕೇ ಬೇಡವೇ ಎಂದು ತೀರ್ಮಾನಿಸುವವನು ದಡದಲ್ಲಿರುತ್ತಾನೆ. ದೋಣಿಯ ಗಾಡಿಯನ್ನು ಅಲೆಗಳ ತನಕ ತಳ್ಳಲು ಟ್ರಾಕ್ಟರ್ ಚಾಲಕ ಬೇಕು. ಕೊಕ್ಕೆ, ಸರಪಳಿ ಬಿಚ್ಚಲು ನಾಲ್ಕಾರು ಕೈಗಳು ಬೇಕು. ದೋಣಿ ಮರಳಿದ ಮೇಲೆ ಉಪ್ಪುನೀರು ಹೋಗುವಂತೆ ತೊಳೆದು, ಇಂಧನ ತುಂಬಿ, ಮುಂದಿನ ಕರೆಗೆ ಅಣಿಗೊಳಿಸುವವರೂ ಇವರೇ. ಇನ್ನು ಹಣ ಕೂಡಿಸುವವರದು ಬೇರೆಯೇ ಪಡೆ. 1891ರಲ್ಲಿ ಮ್ಯಾಂಚೆಸ್ಟರ್ ನಗರದ ಬೀದಿಗಳಲ್ಲಿ ಈ ಸಂಸ್ಥೆಗಾಗಿ ಡಬ್ಬಿ ಹಿಡಿದು ಚಂದಾ ಎತ್ತಲಾಯಿತು. ಇಂಥ ಬೀದಿ ಚಂದಾ ಸಂಗ್ರಹಕ್ಕೆ ಅದೇ ಮೊದಲೆಂಬ ಹೆಸರಿದೆ.

ದಡದವರ ಶಕ್ತಿ ಎಂಥದೆಂಬುದಕ್ಕೆ ಲಿನ್ಮತ್ ಎಂಬ ಊರಿನ ಕತೆ ಸಾಕು. 1899ರ ಜನವರಿ 12ರ ರಾತ್ರಿ ಬಿರುಗಾಳಿಗೆ ಸಿಕ್ಕ ಹಡಗೊಂದು ದೂರದಲ್ಲಿ ಅಪಾಯದಲ್ಲಿತ್ತು. ಅಲೆಗಳ ಹೊಡೆತಕ್ಕೆ ಲಿನ್ಮತ್‌ನಲ್ಲಿ ದೋಣಿ ಇಳಿಸುವಂತಿರಲಿಲ್ಲ. ಆಗ ಊರಿನವರು ಮಾಡಿದ್ದೇನು? ಸುಮಾರು ನೂರು ಜನ ಕುದುರೆಗಳನ್ನು ಕಟ್ಟಿ, ಆ ಭಾರಿ ದೋಣಿಯನ್ನು ನೆಲದ ಮೇಲೆಯೇ ಎಳೆದರು. ಕಡಿದಾದ ಬೆಟ್ಟ ಹತ್ತಿಸಿ, ಅಡ್ಡ ಬಂದ ತೋಟದ ಗೋಡೆ ಕೆಡವಿ, ರಾತ್ರಿಯಿಡೀ ನಡೆದು ಸುಮಾರು 20 ಕಿ.ಮೀ. ದೂರದ ಪೋರ್ಲಾಕ್ ತೀರ ಮುಟ್ಟಿಸಿದರು. ಬೆಳಗಿನ ಜಾವ ದೋಣಿ ನೀರಿಗಿಳಿಯಿತು. ಹಡಗಿನಲ್ಲಿದ್ದವರೆಲ್ಲ ಉಳಿದರು.

ಇನ್ನು ನಮ್ಮ ಹೊಳೆಗೆ ಬರೋಣ. ಕಪಿಲಾ-ಕಾವೇರಿ ತೀರದಲ್ಲಿ ಧೈರ್ಯಕ್ಕೆ ಬರವಿಲ್ಲ. ಬಿದಿರಿನ ಹರಿಗೋಲನ್ನು ಸುಳಿಯಿಂದ ಸುಳಿಗೆ ತಪ್ಪಿಸಿ ನಡೆಸುವ ಅಂಬಿಗರ ಜಾಣ್ಮೆ ತಲೆಮಾರುಗಳದು. ಅಗ್ನಿಶಾಮಕ ದಳ, ಗೃಹರಕ್ಷಕ ದಳಗಳೂ ಇವೆ. ಕೊರತೆ ಇರುವುದು ದಡದ ಏರ್ಪಾಟಿನಲ್ಲಿ. ಯಾರಾದರೂ ಮುಳುಗುತ್ತಿದ್ದಾರೆ ಎಂಬ ಕೂಗು ಕೇಳಿದೊಡನೆ ಈಜು ಬಾರದ ಅಣ್ಣನೋ ಗೆಳೆಯನೋ ನೀರಿಗೆ ಹಾರುತ್ತಾನೆ. ಮುಳುಗುವವನು ಗಾಬರಿಯಲ್ಲಿ ಅವನನ್ನೇ ಅಪ್ಪಿ ಹಿಡಿಯುತ್ತಾನೆ. ಒಂದು ಸಾವಿನ ಜಾಗದಲ್ಲಿ ಎರಡು, ಮೂರು ಸಾವು. ಒಂದೇ ಮನೆಯ ಹಲವರು ಹೀಗೆ ನೀರುಪಾಲಾದ ಸುದ್ದಿ ಪತ್ರಿಕೆ ಓದುವವರಿಗೆ ಹೊಸದಲ್ಲ.

ಜೀವರಕ್ಷಣೆಯ ತರಬೇತಿಯಲ್ಲಿ ಹೇಳಿಕೊಡುವ ಕ್ರಮ ಇದಕ್ಕೆ ವಿರುದ್ಧ. ಮೊದಲು ದಡದಲ್ಲೇ ಮಲಗಿ ಗಳವನ್ನೋ, ಪಂಚೆಯನ್ನೋ, ಸೀರೆಯನ್ನೋ ಚಾಚಬೇಕು. ಅದು ಎಟುಕದಿದ್ದರೆ ಹಗ್ಗ, ಗಾಳಿ ತುಂಬಿದ ಟ್ಯೂಬು ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನು ಎಸೆಯಬೇಕು. ಅದೂ ಆಗದಿದ್ದರೆ ದೋಣಿಯಲ್ಲಿ ಹೋಗಬೇಕು. ನೀರಿಗೆ ಇಳಿಯುವುದು ಕಟ್ಟಕಡೆಯ ಉಪಾಯ. ಅದೂ ತರಬೇತಿ ಪಡೆದವರಿಗೆ ಮಾತ್ರ. ಅಂದರೆ ಮೊದಲ ಎರಡು ಹೆಜ್ಜೆಗಳು ಪೂರ್ತಿ ದಡದವರ ಕೆಲಸ. ಈಜು ಬಾರದ ಹೆಂಗಸರೂ ಮುದುಕರೂ ಅದನ್ನು ಮಾಡಬಲ್ಲರು.

ಪ್ರವಾಹದಲ್ಲಂತೂ ದಡದ ಕೆಲಸಕ್ಕೆ ಕೊನೆಯಿಲ್ಲ. ವಯನಾಡಿನಲ್ಲಿ ಮಳೆ ಜೋರಾದರೆ ಕಬಿನಿ ತುಂಬುತ್ತದೆ; ಬಾಗಿಲು ತೆರೆದರೆ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಬೇಕು. ಡಂಗುರ ಸಾರುವವರು ಬೇಕು. ಒಂಟಿ ಮುದುಕರು, ಬಾಣಂತಿಯರು ಯಾವ ಮನೆಯಲ್ಲಿದ್ದಾರೆಂದು ತಿಳಿದವರು ಬೇಕು. ದನಕರುಗಳನ್ನು ದಿಬ್ಬಕ್ಕೆ ಹೊಡೆಯಲು, ರಾತ್ರಿ ದೀಪ ಹಿಡಿಯಲು, ಹೊಳೆ ನೋಡಲು ಬಂದ ಗುಂಪನ್ನು ಹಿಂದಕ್ಕೆ ಸರಿಸಲು, ಗಂಜಿ ಕೇಂದ್ರದಲ್ಲಿ ಹೆಸರು ಬರೆದುಕೊಳ್ಳಲು ಜನ ಬೇಕು. ಈ ಪಟ್ಟಿ ಇಲ್ಲದಿದ್ದರೆ ದೋಣಿಯವರು ಖಾಲಿ ಮನೆಯ ಮುಂದೆ ಕೂಗುತ್ತ ಹೊತ್ತು ಕಳೆಯಬೇಕಾಗುತ್ತದೆ.

ಈ ದಿಕ್ಕಿನಲ್ಲಿ ಪ್ರಯತ್ನವೇ ನಡೆದಿಲ್ಲವೆಂದಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ ‘ಆಪದಾ ಮಿತ್ರ’ ಯೋಜನೆ ಆರಂಭಿಸಿ, ಪ್ರವಾಹ ಪೀಡಿತ 30 ಜಿಲ್ಲೆಗಳಲ್ಲಿ ತಲಾ 200 ಸ್ವಯಂಸೇವಕರಿಗೆ ತರಬೇತಿ ಕೊಡಲು ಹೊರಟಿತು. ಮುಂದೆ ಇದನ್ನು 350 ಜಿಲ್ಲೆಗಳಿಗೆ, 1 ಲಕ್ಷ ಜನರಿಗೆ ವಿಸ್ತರಿಸಲಾಯಿತು. ಆದರೆ ತರಬೇತಿ ಪಡೆದವನ ಕೈಗೆ ಬೇಕಾದ ಹಗ್ಗ ಅವನ ಊರಿನಲ್ಲೇ ಇರಬೇಕು. ಅದು ಯಾರ ಮನೆಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿರಬೇಕು.

ಬ್ರಿಟನ್ನಿನ ಸಮುದ್ರ ಬೇರೆ, ನಮ್ಮ ಹೊಳೆ ಬೇರೆ. ಅಲ್ಲಿನ ದೋಣಿಗಳು ನಮಗೆ ಬೇಕಾಗಿಲ್ಲ. ಸ್ನಾನಘಟ್ಟದಲ್ಲಿ ಒಂದು ಉದ್ದನೆಯ ಹಗ್ಗ, ನಾಲ್ಕು ಟ್ಯೂಬು, ಅದನ್ನು ಎಸೆಯಲು ಕಲಿತ ಹತ್ತು ಜನ ಇದ್ದರೂ ದೊಡ್ಡ ಮಾತೇ. ಮುಂದಿನ ಮುಂಗಾರಿನಲ್ಲೂ ಜನ ಹೊಳೆ ನೋಡಲು ಬರುತ್ತಾರೆ. ಅವರಲ್ಲಿ ಹತ್ತು ಮಂದಿಗಾದರೂ ಒಂದೊಂದು ಕೆಲಸ ಗೊತ್ತಿದ್ದರೆ, ದೋಣಿಯಲ್ಲಿ ಹೋದವರಿಗೆ ಬೆನ್ನಿಗೊಂದು ಬಲ ಸಿಕ್ಕಂತಾಗುತ್ತದೆ.