ನಿಮಗಿದು ಗೊತ್ತೆ? ಕ್ಯಾನ್ಸರ್ ಕೋಶ ಕಳಿಸುವ ಚೀಲಕ್ಕೆ ಸಕ್ಕರೆಯ ಹೊದಿಕೆ
ದೇಹದ ಬಹುತೇಕ ಎಲ್ಲ ಜೀವಕೋಶಗಳೂ ಪುಟ್ಟ ಪೊರೆಚೀಲಗಳನ್ನು ಹೊರಕ್ಕೆ ಬಿಡುತ್ತಲೇ ಇರುತ್ತವೆ. ಇವುಗಳಲ್ಲಿ ಎಕ್ಸೋಸೋಮ್ ಎಂಬ ಬಗೆಯವು ಸುಮಾರು 30ರಿಂದ 150 ನ್ಯಾನೋಮೀಟರ್ ಅಗಲ. 1983ರಲ್ಲಿ ಕುರಿ ಮತ್ತು ಇಲಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಇವು ಕಂಡಾಗ, ಕೋಶ ಕಸ ಹೊರಹಾಕುವ ದಾರಿಯೆಂದೇ ಭಾವಿಸಲಾಗಿತ್ತು.

ಈ ಚೀಲಗಳ ಮೈಮೇಲೆ ಪ್ರೋಟೀನು, ಕೊಬ್ಬುಗಳಿಗೆ ಅಂಟಿದ ಸಕ್ಕರೆ ಸರಪಳಿಗಳಿರುತ್ತವೆ. ಕೋಶ ಕ್ಯಾನ್ಸರಿಗೆ ತಿರುಗಿದಾಗ ಸರಪಳಿಗಳ ವಿನ್ಯಾಸವೂ ಬದಲಾಗುತ್ತದೆ: ಸಾಮಾನ್ಯವಾಗಿ ಕವಲುಗಳು ಹೆಚ್ಚುತ್ತವೆ, ತುದಿಗಳಲ್ಲಿ ಸಿಯಾಲಿಕ್ ಆಮ್ಲವೆಂಬ ಸಕ್ಕರೆ ಜಾಸ್ತಿಯಾಗುತ್ತದೆ. ಬದಲಾವಣೆ ಚಿಕ್ಕದು, ಪರಿಣಾಮ ದೊಡ್ಡದು. ಸಿಯಾಲಿಕ್ ಆಮ್ಲವು ರೋಗನಿರೋಧಕ ಕೋಶಗಳ ಸಿಗ್ಲೆಕ್ ಗ್ರಾಹಕಗಳಿಗೆ ಅಂಟಿ, ಅವುಗಳ ದಾಳಿಯನ್ನು ತಗ್ಗಿಸಬಲ್ಲದು. ಯಾವ ಕೋಶ ಚೀಲವನ್ನು ಒಳಗೆ ಸೆಳೆದುಕೊಳ್ಳುತ್ತದೆ ಎಂಬುದರಲ್ಲೂ ಸಕ್ಕರೆಯ ಪಾತ್ರವಿದೆ. ಮೆದುಳಿನ ಗ್ಲಯೊಬ್ಲಾಸ್ಟೋಮಾ ಗಡ್ಡೆಯ ಎಕ್ಸೋಸೋಮ್‌ಗಳು ಬೇರೆ ಕೋಶಗಳ ಮೇಲಿನ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗಳನ್ನು ಹಿಡಿದು ಒಳಹೊಗುತ್ತವೆ.

ಈ ಸಕ್ಕರೆ ಗುರುತುಗಳಿಂದ ರೋಗವನ್ನು ಬೇಗ ಪತ್ತೆಹಚ್ಚುವ ಆಸೆ ಸಂಶೋಧಕರದು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಮೇಲೆ ನಿಗಾ ಇಡಲು ಈಗಾಗಲೇ ಬಳಕೆಯಲ್ಲಿರುವ ಸಿಎ 19-9 ರಕ್ತಪರೀಕ್ಷೆ ಅಳೆಯುವುದೂ ಒಂದು ಸಕ್ಕರೆ ರಚನೆಯನ್ನೇ. ಇದು ಚೀಲಗಳ ಮೇಲೂ ಸಿಗುತ್ತದೆ. ಆದರೆ ಲೂಯಿಸ್ ನೆಗೆಟಿವ್ ರಕ್ತಗುಂಪಿನವರಲ್ಲಿ ಈ ರಚನೆ ತಯಾರಾಗುವುದೇ ಕಷ್ಟ. ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು.