ಪಾಠ ಹೇಳುವವರಿಗೂ ಒಂದು ಪಾಠ

ದೂರದ ಊರಿನಲ್ಲಿ ಸಂಸಾರ ಹೂಡಿರುವ ಮಗಳಿಗೆ ಫೋನಿನಲ್ಲಿ ಒಬ್ಬಟ್ಟು ಮಾಡುವುದನ್ನು ಹೇಳಿಕೊಟ್ಟಿದ್ದೀರಾ? ಪಕ್ಕದಲ್ಲೇ ನಿಂತಿದ್ದರೆ ಕಣಕವನ್ನು ಬೆರಳಿನಿಂದ ಒತ್ತಿ ನೋಡಿ, "ಇನ್ನೊಂದು ಚೂರು ನೀರು ಹಾಕೇ" ಎಂದರೆ ಮುಗಿಯಿತು. ಫೋನಿನಲ್ಲಿ ಅದು ಸಾಗುವುದಿಲ್ಲ. ಕಣಕ ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು, ಹೂರಣ ಉಂಡೆ ಕಟ್ಟಲು ಬರುವಂತಿರಬೇಕು ಎಂದು, ನಿಮ್ಮ ಕೈಗೆ ಗೊತ್ತಿದ್ದು ಬಾಯಿಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳನ್ನು ಅವತ್ತು ಮೊದಲ ಸಲ ಮಾತಿನಲ್ಲಿ ಹೇಳಬೇಕಾಗುತ್ತದೆ. ನಡುನಡುವೆ "ಈಗ ಹೇಗಿದೆ, ಹೇಳು" ಎಂದು ಕೇಳುತ್ತಲೂ ಇರಬೇಕು. ಇಲ್ಲದಿದ್ದರೆ ಅತ್ತ ಒಬ್ಬಟ್ಟು ಹರಿದು ಹೂರಣವೆಲ್ಲ ಕಾವಲಿಯ ಪಾಲು!

ನಮ್ಮ ಕಾಲೇಜುಗಳ ಅಧ್ಯಾಪಕರಿಗೆಲ್ಲ ಇದೇ ಫಜೀತಿ ಒಟ್ಟಿಗೇ ಬಂದದ್ದು 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ.

ನನ್ನ ಓರಗಿತ್ತಿಯ ಸಂಗತಿಯನ್ನೇ ಹೇಳುತ್ತೇನೆ. ಮನೆ ಮಲ್ಲೇಶ್ವರದಲ್ಲಿ. ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಲೆಕ್ಚರರ್. ಇಪ್ಪತ್ತಾರು ವರ್ಷದಿಂದ ಪಾಠ ಹೇಳಿದವಳು. ಹಿಂದಿನ ಬೆಂಚಿನ ಹುಡುಗಿಯ ಹುಬ್ಬು ಗಂಟಿಕ್ಕಿದರೆ ಸಾಕು, ಅರ್ಥವಾಗಲಿಲ್ಲವೆಂದು ತಿಳಿದು ಇನ್ನೊಂದು ಉದಾಹರಣೆ ಕೊಡುತ್ತಿದ್ದಳು. ಅಂಥವಳು ಊಟದ ಮೇಜಿನ ಮೇಲೆ ಅಕ್ಕಿ ಡಬ್ಬಕ್ಕೆ ಫೋನ್ ಒರಗಿಸಿಕೊಂಡು ಮುಕ್ಕಾಲು ಗಂಟೆ ಒಬ್ಬಳೇ ಮಾತಾಡಬೇಕಾಯಿತು. ಅತ್ತ ಅರವತ್ತು ಹೆಸರುಗಳು, ಮುಖ ಒಂದೂ ಇಲ್ಲ. ಇತ್ತ ಕುಕ್ಕರಿನ ಸೀಟಿ, ಅತ್ತೆಯವರ ಪೂಜೆಯ ಗಂಟೆ. ಒಂದು ದಿನ ಪಾಠ ಮುಗಿಸಿ ನೋಡುತ್ತಾಳೆ, ಅರ್ಧ ಗಂಟೆಯಿಂದ ಇವಳ ಧ್ವನಿಯೇ ಆಚೆ ಹೋಗುತ್ತಿರಲಿಲ್ಲ!

"ಒಬ್ಬರಾದರೂ ಹೇಳಬಾರದಿತ್ತಾ ಅಕ್ಕ? ಕೇಳ್ತಿದ್ದೋರು ಯಾರೂ ಇರ್ಲಿಲ್ಲ ಅಂತ ತಾನೇ ಅರ್ಥ? ಸಾಕಾಗಿದೆ, ರಾಜೀನಾಮೆ ಕೊಟ್ಬಿಡ್ತೀನಿ" ಎಂದು ಅವತ್ತು ರಾತ್ರಿ ಫೋನಿನಲ್ಲಿ ಅತ್ತಳು. ಸಮಾಧಾನ ಹೇಳಿದೆನೇ ಹೊರತು ನನಗೂ ದಾರಿ ತೋಚಲಿಲ್ಲ.

ದೂರದಲ್ಲಿರುವವರಿಗೆ ಪಾಠ ಹೇಳುವುದು ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ 1969ರಲ್ಲೇ ಶುರುವಾಯಿತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮದುವೆಯಾದ ಮೇಲೆ ಅಂಚೆಯಲ್ಲಿ ಬಂದ ಪಾಠಗಳನ್ನು ಓದಿ ಬಿ.ಎ. ಮಾಡಿಕೊಂಡವರು ನಿಮ್ಮ ಬಳಗದಲ್ಲೂ ಇರಬಹುದು. 2003ರಲ್ಲಿ ಐಐಟಿಗಳೂ, ಮಲ್ಲೇಶ್ವರದವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟಿಇಎಲ್ ಎಂಬ ಯೋಜನೆಯಲ್ಲಿ ಇಂಜಿನಿಯರಿಂಗ್ ಪಾಠಗಳನ್ನು ಚಿತ್ರೀಕರಿಸಿ ಎಲ್ಲರಿಗೂ ಬಿಟ್ಟಿಯಾಗಿ ಕೊಡಲು ಹೊರಟವು. 2017ರಲ್ಲಿ ಕೇಂದ್ರ ಸರ್ಕಾರದ 'ಸ್ವಯಂ' ಬಂತು. ಆದರೆ ಇವೆಲ್ಲ ಮೊದಲೇ ಯೋಚಿಸಿ, ಬಿಡುವಾಗಿ ತಯಾರು ಮಾಡಿದ ಪಾಠಗಳು. 2020ರಲ್ಲಿ ಬಂದದ್ದು ಹೇಳದೆ ಕೇಳದೆ ಬಂದ ನೆಂಟರ ಹಾಗೆ. ಇದ್ದದ್ದರಲ್ಲೇ ಅಡುಗೆಯಾಗಬೇಕು!

ಕಾಲೇಜಿನವರು ತರಬೇತಿ ಕೊಡಿಸಲಿಲ್ಲವೇ ಎಂದು ಕೇಳುತ್ತೀರಿ. ಕೊಡಿಸಿದರು. ಎರಡು ಗಂಟೆ. ಈ ಗುಂಡಿ ಒತ್ತಿದರೆ ಧ್ವನಿ, ಆ ಗುಂಡಿ ಒತ್ತಿದರೆ ಚಿತ್ರ, ಹಾಜರಿ ಹೀಗೆ ತೆಗೆದುಕೊಳ್ಳಿ, ಅಷ್ಟೆ. ಇದನ್ನು ತರಬೇತಿ ಎನ್ನಲು ನನಗೆ ಮನಸ್ಸು ಬಾರದು. ಗ್ಯಾಸ್ ಒಲೆ ಹಚ್ಚುವುದನ್ನು ಕಲಿಸಿ, ಅಡುಗೆ ಕಲಿಸಿದೆ ಅಂದ ಹಾಗಾಯಿತು.

ನಿಜವಾದ ತರಬೇತಿ ಆಕೆಗೆ ಸಿಕ್ಕಿದ್ದು ಅದಾದ ಮೇಲೆ, ಅಧ್ಯಾಪಕರಿಗಾಗಿಯೇ ಇದ್ದ ಒಂದು ಆನ್‌ಲೈನ್ ಕೋರ್ಸಿನಲ್ಲಿ. 2018ರಿಂದ ಅಧ್ಯಾಪಕರ ಪುನಶ್ಚೇತನ ಪಾಠಗಳೂ ಸ್ವಯಂನಲ್ಲಿ ಬರತೊಡಗಿದ್ದವು. ಐವತ್ತು ದಾಟಿದ ಮೇಲೆ ಇವಳು ಮತ್ತೆ ವಿದ್ಯಾರ್ಥಿನಿಯಾದಳು. ಅಲ್ಲಿ ಮೊದಲು ಮಾಡಿಸಿದ್ದೇನು ಗೊತ್ತೇ? ತನ್ನದೇ ಮುಕ್ಕಾಲು ಗಂಟೆಯ ಪಾಠವನ್ನು ತಾನೇ ಕೂತು ಪೂರ್ತಿ ನೋಡುವುದು. "ಹತ್ತನೇ ನಿಮಿಷಕ್ಕೆ ಎದ್ದು ಹೋಗಿ ಬಟ್ಟೆ ಮಡಿಸಿಟ್ಟು ಬಂದೆ ಅಕ್ಕ. ನನ್ನ ಪಾಠ ನನಗೇ ಕೇಳಕ್ಕಾಗ್ಲಿಲ್ಲ" ಎಂದು ನಕ್ಕಳು. ಆಕೆ ನಕ್ಕದ್ದನ್ನು ಕೇಳಿ ಎಷ್ಟೋ ದಿನವಾಗಿತ್ತು.

ಇದು ಇವಳೊಬ್ಬಳ ದೋಷವಲ್ಲ. 2014ರಲ್ಲಿ ಅಮೆರಿಕದ ಸಂಶೋಧಕರು ಎಡ್‌ಎಕ್ಸ್ ಎಂಬ ಸಂಸ್ಥೆಯ ಪಾಠಗಳನ್ನು ಜನ ಹೇಗೆ ನೋಡುತ್ತಾರೆಂದು ಪರಿಶೀಲಿಸಿದರು. ಸುಮಾರು 69 ಲಕ್ಷ ವೀಕ್ಷಣೆಗಳ ಲೆಕ್ಕ. ಪಾಠ ಎಷ್ಟೇ ಉದ್ದವಿರಲಿ, ನೋಡುವವರ ಗಮನ ಸಾಮಾನ್ಯವಾಗಿ ಆರು ನಿಮಿಷ ದಾಟುವುದಿಲ್ಲವೆಂದು ಕಂಡುಬಂತು. ಹಾಗಾದರೆ ಪಾಠವನ್ನು ಚಿಕ್ಕದಾಗಿ ಕತ್ತರಿಸಿದರೆ ಸಾಕೇ? ಅದೂ ಸಾಲದು. ಮುಂಬಯಿಯ ಐಐಟಿಯವರು ರೂಪಿಸಿದ ಒಂದು ಕ್ರಮದಲ್ಲಿ ಪಾಠದ ಮಧ್ಯೆಯೇ ಅಧ್ಯಾಪಕರು ಒಂದು ಪ್ರಶ್ನೆ ಕೇಳಿ, "ಇಲ್ಲಿ ವಿಡಿಯೋ ನಿಲ್ಲಿಸಿ, ಉತ್ತರ ಬರೆದು ಆಮೇಲೆ ಮುಂದುವರಿಯಿರಿ" ಎನ್ನುತ್ತಾರೆ. ನಾವು ಮಗಳನ್ನು "ಈಗ ಹೇಗಿದೆ, ಹೇಳು" ಎನ್ನುತ್ತೇವಲ್ಲ, ಅದೇ! ಸ್ವಯಂನ ಪಾಠಗಳಿಗೂ ನಾಲ್ಕು ಅಂಗ: ವಿಡಿಯೋ, ಓದಲು ಬರಹ, ಚರ್ಚೆಗೆ ಜಾಗ, ತಾನೇ ಪರೀಕ್ಷಿಸಿಕೊಳ್ಳಲು ಪ್ರಶ್ನೆಗಳು.

ಓರಗಿತ್ತಿ ಹೊಸದಾಗಿ ಮಾಡಿದ ಮೊದಲ ಪಾಠ ಬೇಡಿಕೆಯ ಮೇಲೆ. ಬೆಲೆ ಏರಿದರೆ ಜನ ಕೊಳ್ಳುವುದನ್ನು ಎಷ್ಟು ಕಡಿಮೆ ಮಾಡುತ್ತಾರೆ ಎಂಬ ವಿಚಾರ. ಹಿಂದೆ ಬೋರ್ಡಿನ ಮೇಲೆ ಗೆರೆ ಎಳೆದು ಶುರುಮಾಡುತ್ತಿದ್ದಳಂತೆ. ಈ ಸಲ ಎಂಟನೇ ಕ್ರಾಸಿನ ಹೂವಿನ ಅಂಗಡಿಯಿಂದ ಶುರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಲ್ಲಿಗೆಯ ಬೆಲೆ ಮೂರು ಪಟ್ಟಾದರೂ ಬರಿಗೈಯಲ್ಲಿ ಹಿಂತಿರುಗುವವರು ಯಾರು? ಅದೇ ಬೆಲೆಯನ್ನು ಒಂದು ಸಾದಾ ಬುಧವಾರ ಹೇಳಿದರೆ? "ನೀವಾದರೆ ಏನು ಮಾಡುತ್ತೀರಿ? ನಿಲ್ಲಿಸಿ, ಬರೆಯಿರಿ." ಆಮೇಲಷ್ಟೇ ಗೆರೆ, ಲೆಕ್ಕ. ಒಟ್ಟು ಏಳು ನಿಮಿಷ. ನನ್ನಂಥ ಮಂಕಿಗೂ ಅರ್ಥವಾಯಿತು.

ಆ ಏಳು ನಿಮಿಷಕ್ಕೆ ಹಿಡಿದದ್ದು ಎರಡು ಪೂರ್ತಿ ದಿನ. ಪಾಠ ಮುಗಿದಾಗ ಹುಡುಗಿಗೆ ಏನು ಮಾಡಲು ಬರಬೇಕು ಎಂದು ಮೊದಲು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಬೇಕು. ಆ ವಾಕ್ಯಕ್ಕೆ ಬೇಡದ್ದನ್ನೆಲ್ಲ, ಎಷ್ಟೇ ಪ್ರೀತಿಯದಾದರೂ ಬಿಡಬೇಕು. ಈ ಎರಡು ದಿನ ಅವಳ ಕಾಲೇಜಿನ ಲೆಕ್ಕಕ್ಕೆ ಬರಲಿಲ್ಲ, ಮನೆಯಲ್ಲಂತೂ ಯಾರೂ ಲೆಕ್ಕ ಕೇಳಲಿಲ್ಲ. ಬೆಳಗಿನ ಐದು ಗಂಟೆಗೆ, ಮಿಕ್ಸಿ ತಿರುಗುವ ಮುಂಚೆ ರೆಕಾರ್ಡ್ ಮಾಡಿದಳು. ನಿಮ್ಮ ಮನೆಯಲ್ಲಿ ಪಾಠ ಹೇಳುವ ಸೊಸೆಯೋ ಮಗಳೋ ಇದ್ದರೆ ದಯವಿಟ್ಟು ಅಷ್ಟು ಹೊತ್ತು ಒಂದು ಕೋಣೆ ಬಿಟ್ಟುಕೊಡಿ. ಬಾಗಿಲು ಹಾಕಿಕೊಂಡಳೆಂದು ಮುಖ ಸಣ್ಣದು ಮಾಡಬೇಡಿ.

ಕಾಲೇಜುಗಳ ಬಾಗಿಲು ತೆರೆದ ಮೇಲೂ ಈ ಪಾಠಗಳು ಹೋಗಲಿಲ್ಲ. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳಿಗೂ ಪಾಲಿಟೆಕ್ನಿಕ್‌ಗಳಿಗೂ ಇಂಥ ಪಾಠಗಳ ವ್ಯವಸ್ಥೆ ಆರಂಭಿಸಿತು. ಅದೇ ವರ್ಷ ಯುಜಿಸಿ, ಒಂದು ಸೆಮಿಸ್ಟರಿನ ಶೇಕಡಾ 40ರವರೆಗಿನ ಪಾಠವನ್ನು ಸ್ವಯಂ ಮೂಲಕ ಓದಲು ಕಾಲೇಜುಗಳು ಅವಕಾಶ ಕೊಡಬಹುದೆಂದಿತು. ಅಂದರೆ ನಿಮ್ಮ ಮಗಳ ಅಂಕಪಟ್ಟಿಗೂ ಇದು ಸಂಬಂಧಿಸಿದ್ದು. ಅರ್ಧಕ್ಕೆ ಓದು ನಿಲ್ಲಿಸಿದ ನೀವೂ ಸ್ವಯಂನಲ್ಲಿ ಸೇರಿ ಕಲಿಯಬಹುದು. ಕಲಿಯಲು ಶುಲ್ಕವಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಾದವರಿಗೆ ಶುಲ್ಕವುಂಟು. ಸೇರುವ ಮುಂಚೆ ಒಂದು ಪಾಠ ನೋಡಿ. ಅಧ್ಯಾಪಕರು ನಿಮ್ಮನ್ನು ಒಂದು ಸಲವಾದರೂ ಏನಾದರೂ ಕೇಳಿದರೇ, ಇಲ್ಲ ತಾವೇ ಹೇಳಿಕೊಂಡು ಹೋದರೇ? ಓದಲು ಬರಹ ಇಟ್ಟಿದ್ದಾರೆಯೇ? ಅನುಮಾನ ಕೇಳಿದವರಿಗೆ ಉತ್ತರ ಬಂದಿದೆಯೇ?

ಹೂವಿನ ಪಾಠಕ್ಕೆ ಬಂದ ಉತ್ತರಗಳಲ್ಲಿ ಒಂದನ್ನು ಓರಗಿತ್ತಿ ನನಗೆ ಓದಿ ಹೇಳಿದಳು. ಬರೆದವಳು ಅಷ್ಟು ದಿನ ಒಂದು ತರಗತಿಗೂ ಬಾರದಿದ್ದ ಹುಡುಗಿ. ಮನೆಗೆಲ್ಲ ಅಪ್ಪನ ಫೋನೊಂದೇ. ಅವರು ಕೆಲಸದಿಂದ ಬರುವುದು ರಾತ್ರಿ ಒಂಬತ್ತಕ್ಕೆ. ಬೆಳಗಿನ ಪಾಠ ಅವಳಿಗೆ ಸಿಗುತ್ತಲೇ ಇರಲಿಲ್ಲ, ಈ ಏಳು ನಿಮಿಷ ರಾತ್ರಿ ಸಿಕ್ಕಿತು. "ನೀವಾದರೆ ಏನು ಮಾಡುತ್ತೀರಿ" ಎಂಬುದಕ್ಕೆ ಬರೆದಿದ್ದಳು: "ಹಬ್ಬದ ದಿನ ನಾವು ಕೊಳ್ಳಲ್ಲ ಮೇಡಂ, ಮಾರ್ತೀವಿ. ನಮ್ಮಮ್ಮ ಹೂ ಕಟ್ತಾರೆ."

ಓರಗಿತ್ತಿ ಅವತ್ತೇ ರಾತ್ರಿ ಆ ಪಾಠಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದಳು. "ನೀವು ಹೂ ಮಾರುವವರಾದರೆ, ಹಬ್ಬದ ಹಿಂದಿನ ದಿನ ಎಷ್ಟು ಮಾರು ಹೆಚ್ಚಿಗೆ ಕಟ್ಟಿಸುತ್ತೀರಿ? ಹಬ್ಬದ ಮರುದಿನ? ನಿಲ್ಲಿಸಿ, ಬರೆಯಿರಿ."