ಥಾಯ್ ಊಟ: ಹಸಿರು ಚುಕ್ಕೆಯ ಹಿಂದೆ ಏನಿದೆ?



ಹೈದರಾಬಾದಿನಲ್ಲಿ ಥಾಯ್ ಊಟವೆಂದರೆ ಮೊದಲು ಸ್ಟಾರ್ ಹೋಟೆಲಿನ ಮಾತಾಗಿತ್ತು. ಈಗ ಹಾಗಿಲ್ಲ. ಜೂಬಿಲಿ ಹಿಲ್ಸ್, ಗಚ್ಚಿಬೌಲಿ, ಕೊಂಡಾಪುರದ ಕಡೆ ಸಣ್ಣ ಹೋಟೆಲುಗಳಲ್ಲೂ ಥಾಯ್ ಕರಿ ಸಿಗುತ್ತದೆ. ನಮ್ಮ ಗಿರಾಕಿಗಳ ಮಕ್ಕಳು ಅಲ್ಲಿ ಉಂಡು ಬಂದು ನಮ್ಮಲ್ಲೂ ಕೇಳುತ್ತಾರೆ. ಈ ಅಡುಗೆ ಎಂಥದ್ದು, ಶಾಕಾಹಾರಿ ಹೋಟೆಲಿನವರು ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ನಮಗೆ ಆದ ಅನುಭವದಿಂದಲೇ ತಿಳಿಸುತ್ತೇವೆ.

ಒಂದು ಭಾನುವಾರ ಮನೆಯವರೆಲ್ಲ ಅಂಥ ಒಂದು ಹೋಟೆಲಿಗೆ ಹೋಗಿದ್ದೆವು. ಜೊತೆಯಲ್ಲಿ ನಮ್ಮ ಅತ್ತೆಯವರೂ ಇದ್ದರು. ಅವರು ಹುಟ್ಟಿನಿಂದ ಶಾಕಾಹಾರಿ. ತರಕಾರಿ ಹಾಕಿದ ಗ್ರೀನ್ ಕರಿ ಹೇಳಿದೆವು. ಸಪ್ಲೈಯರ್ ಹುಡುಗ "ಪ್ಯೂರ್ ವೆಜ್ ಸಾರ್" ಎಂದ. ಬಾಯಿಗೆ ಹಾಕಿದಾಗ ನಮಗೆ ಏನೋ ಸಂಶಯ ಬಂತು. ಮಾಲೀಕರನ್ನು ಕರೆದು ಮಸಾಲೆ ಡಬ್ಬ ತೋರಿಸಲು ಕೇಳಿಕೊಂಡೆವು. ಡಬ್ಬದ ಮೇಲೆ ಕಂದು ಗುರುತು, ಒಳಗಿನ ಸಾಮಾನುಗಳ ಪಟ್ಟಿಯಲ್ಲಿ ಸೀಗಡಿ. ಅಷ್ಟರಲ್ಲಿ ಅತ್ತೆಯವರು ನಾಲ್ಕು ತುತ್ತು ಉಂಡಾಗಿತ್ತು. ಅವರು ಏನೂ ಅನ್ನದೆ ಎದ್ದು ಕೈ ತೊಳೆದುಕೊಂಡರು. ಹುಡುಗ ಸುಳ್ಳು ಹೇಳಿರಲಿಲ್ಲ. ತಟ್ಟೆಯಲ್ಲಿ ತರಕಾರಿ ಮಾತ್ರ ಇತ್ತು, ಅವನು ಅಷ್ಟೇ ನೋಡಿದ್ದ.

ಊಟದ ಕ್ರಮ

ಥಾಯ್ ಊಟದಲ್ಲಿ ಸ್ಟಾರ್ಟರ್, ಮೇನ್ ಕೋರ್ಸ್ ಎಂಬ ಸಾಲು ಇಲ್ಲ. ಅನ್ನ ಅವರವರ ತಟ್ಟೆಗೆ, ಸೂಪು, ಕರಿ, ಸಲಾಡ್ ಎಲ್ಲ ಒಟ್ಟಿಗೆ ಮೇಜಿನ ಮಧ್ಯಕ್ಕೆ ಬರುತ್ತದೆ. ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್. ಕಡ್ಡಿಗಳು ಹೆಚ್ಚಾಗಿ ನೂಡಲ್ಸ್‌ಗೆ ಮಾತ್ರ. ಹುಳಿ, ಸಿಹಿ, ಉಪ್ಪು, ಖಾರ ನಾಲ್ಕೂ ಹದವಾಗಿರಬೇಕು.

ರುಚಿಯ ಮೂಲ ಮಜ್ಜಿಗೆ ಹುಲ್ಲು, ಶುಂಠಿಯ ಜಾತಿಯ ಗಲಾಂಗಲ್ ಗೆಡ್ಡೆ ಮತ್ತು ಕಾಡುನಿಂಬೆಯಂಥ ಒಂದು ನಿಂಬೆಯ ಎಲೆ. ಟಾಮ್ ಯಾಮ್ ಸೂಪಿನಲ್ಲಿ ಇವು ತುಂಡಾಗಿಯೇ ಇರುತ್ತವೆ. ನಮ್ಮ ಸಾರಿನ ಕರಿಬೇವಿನಂತೆ ಬದಿಗಿಡಬೇಕು. ಸೀಗಡಿ ಹಾಕಿದ ಈ ಸೂಪು, ಟಾಮ್ ಯಾಮ್ ಕುಂಗ್, 2024ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೂ ಸೇರಿದೆ.

ಕರಿ ಮಾಡುವ ಕ್ರಮ ಕರಾವಳಿಯವರಿಗೆ ಹೊಸದಲ್ಲ. ಗಟ್ಟಿ ಕಾಯಿಹಾಲು ಎಣ್ಣೆ ಬಿಡುವವರೆಗೆ ಕಾಯಿಸಿ, ಅದರಲ್ಲಿ ರುಬ್ಬಿದ ಮಸಾಲೆ ಹುರಿದು, ಆಮೇಲೆ ತೆಳು ಹಾಲು ಹೊಯ್ಯುತ್ತಾರೆ.

ಮೀನು ಎಲ್ಲಿ ಅಡಗಿರುತ್ತದೆ?

ಅವರಲ್ಲಿ ಉಪ್ಪಿನ ಜಾಗದಲ್ಲಿ ಫಿಶ್ ಸಾಸ್, ಅವರ ಭಾಷೆಯಲ್ಲಿ ನಾಮ್ ಪ್ಲಾ. ಸಣ್ಣ ಮೀನಿಗೆ ಉಪ್ಪು ಬೆರೆಸಿ ಹಲವು ತಿಂಗಳು ಕೊಳೆಯಿಸಿ ಇಳಿಸಿದ ರಸ ಇದು. ಸೂಪು, ಕರಿ, ಪ್ಯಾಡ್ ಥಾಯ್ ನೂಡಲ್ಸ್, ಹಸಿ ಪಪ್ಪಾಯಿ ಸಲಾಡ್ ಎಲ್ಲಕ್ಕೂ ಬೀಳುತ್ತದೆ. ಕೆಂಪು, ಹಸಿರು ಮಸಾಲೆಗಳಲ್ಲಿ ಸೀಗಡಿ ಪೇಸ್ಟ್ ಸಾಮಾನ್ಯ. ಪಲ್ಯದಂಥ ಹುರಿದ ತರಕಾರಿಗೂ ಆಯ್ಸ್ಟರ್ ಸಾಸ್ ಹಾಕುತ್ತಾರೆ. ಅದು ಚಿಪ್ಪುಮೀನಿನದು. ಬರೀ "ವೆಜ್" ಎಂದು ಕೇಳಿದರೆ ಮಾಂಸದ ತುಂಡು ಇಲ್ಲ ಎಂಬುದಷ್ಟೇ ಅರ್ಥವಾಗಬಹುದು.

ಥಾಯ್ ಭಾಷೆಯಲ್ಲಿ ಶಾಕಾಹಾರಕ್ಕೆ "ಮಾಂಗ್‌ಸವಿರತ್" ಎನ್ನುತ್ತಾರೆ. ಸಂಸ್ಕೃತದ ಮಾಂಸವಿರತಿಯೇ ಅದು. ಇನ್ನೂ ಕಟ್ಟುನಿಟ್ಟಿನದು "ಜೇ" ಊಟ. ಅದರಲ್ಲಿ ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುತ್ತಾರೆ. ಬ್ಯಾಂಕಾಕ್‌ಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ಸ್ಟೋರ್ ರೂಮಿನಲ್ಲಿ ಕಂಡದ್ದು

ಆ ರಾತ್ರಿ ಸಿಟ್ಟಿನಲ್ಲೇ ಮನೆಗೆ ಬಂದೆವು. ಬೆಳಿಗ್ಗೆ ಏನೋ ತೋರಿ ನಮ್ಮದೇ ಚೈನೀಸ್ ಕೌಂಟರಿನ ಬಾಟಲಿಗಳನ್ನು ಒಂದೊಂದಾಗಿ ನೋಡಿದೆವು. ಸೋಯಾ, ವಿನಿಗರ್, ಚಿಲ್ಲಿ ಸಾಸ್ ಸರಿಯಾಗಿದ್ದವು. ಮೂಲೆಯಲ್ಲಿ ಅರ್ಧ ಮುಗಿದ ಆಯ್ಸ್ಟರ್ ಸಾಸ್ ಬಾಟಲಿ ಇತ್ತು. ಹೊಸ ಮಾಸ್ಟರ್ "ರುಚಿಗೆ" ಎಂದು ತರಿಸಿದ್ದ. ಬಿಲ್ಲಿಗೆ ಸಹಿ ಹಾಕಿದವರು ನಾವೇ. ಹೊರಗೆ "ಶುದ್ಧ ಶಾಕಾಹಾರಿ" ಬೋರ್ಡು, ಒಳಗೆ ಈ ಬಾಟಲಿ. ನಮ್ಮ ಗಿರಾಕಿಗಳಲ್ಲಿ ಮಾರ್ವಾಡಿ, ಜೈನ ಕುಟುಂಬಗಳು ಬಹಳ. ಅವರಿಗೆ ಎಷ್ಟು ದಿನ ಇದನ್ನು ಬಡಿಸಿದ್ದೆವೋ ಎಂದು ತಲೆ ತಗ್ಗಿಸುವಂತಾಯಿತು. ಇನ್ನೊಬ್ಬರ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಆಮೇಲೆ ನಾವು ಮಾಡಿಕೊಂಡ ಕ್ರಮ ಹೀಗಿದೆ:

1. ಹಸಿರು ಗುರುತಿಲ್ಲದ ಸಾಸ್, ಪೇಸ್ಟ್, ಸೂಪ್ ಪುಡಿ ಯಾವುದೂ ಸ್ಟೋರಿಗೆ ಬರಬಾರದು. ಮಾಲು ಇಳಿಸಿಕೊಳ್ಳುವಾಗಲೇ ನೋಡುವುದು. ಗುರುತು ನೋಡಿದ ಮೇಲೆ ಪಟ್ಟಿಯನ್ನೂ ಓದುವುದು.

2. ಥಾಯ್ ಮಸಾಲೆಯನ್ನು ನಾವೇ ರುಬ್ಬುವುದು. ಹಸಿಮೆಣಸು, ಮಜ್ಜಿಗೆ ಹುಲ್ಲು, ಗಲಾಂಗಲ್, ಕೊತ್ತಂಬರಿ ಬೇರು, ನಿಂಬೆ ಎಲೆ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಧನಿಯಾ, ಜೀರಿಗೆ, ಬಿಳಿ ಮೆಣಸು. ಫಿಶ್ ಸಾಸ್ ಬದಲು ಉಪ್ಪು ಮತ್ತು ತೆಳು ಸೋಯಾ ಸಾಸ್. ಗಲಾಂಗಲ್ ಬದಲು ಶುಂಠಿ ಹಾಕಿದರೆ ರುಚಿಯೇ ಬೇರೆಯಾಗುತ್ತದೆ.

3. ಮಾಂಸಾಹಾರವೂ ಇರುವ ಹೋಟೆಲಾದರೆ ಬಾಣಲೆ, ಸೌಟು ಬೇರೆ ಬೇರೆ ಇಡುವುದು.

4. ಗಿರಾಕಿ ಕೇಳಿದಾಗ ಗೊತ್ತಿಲ್ಲದಿದ್ದರೆ "ಒಳಗೆ ಕೇಳಿ ಬರುತ್ತೇನೆ" ಎನ್ನಲು ಸಪ್ಲೈಯರ್‌ಗಳಿಗೆ ಕಲಿಸುವುದು. ಸೀಗಡಿ ಅಲರ್ಜಿ ಇದ್ದವರಿಗೆ ಇದು ಪ್ರಾಣದ ಪ್ರಶ್ನೆ.

ಹೊಸ ಅಡುಗೆ ಬೇಡವೆಂದು ನಾವು ಹೇಳುತ್ತಿಲ್ಲ. ಕಾಲಕ್ಕೆ ತಕ್ಕಂತೆ ಮೆನು ಬದಲಾಗಲೇಬೇಕು. ಆದರೆ ಊರು ಬಿಟ್ಟು ಬಂದ ನಮ್ಮ ಹಿರಿಯರು ಇಲ್ಲಿ ಹೆಸರು ಮಾಡಿದ್ದು ಗಿರಾಕಿಯ ನಂಬಿಕೆಯಿಂದ. ಬಾಂಧವರು ಈ ಪತ್ರಿಕೆ ಮಡಿಸಿಟ್ಟ ಮೇಲೆ ಒಮ್ಮೆ ತಮ್ಮ ಸ್ಟೋರ್ ರೂಮಿಗೆ ಹೋಗಿ ಬಾಟಲಿಗಳನ್ನು ತಿರುಗಿಸಿ ನೋಡಬೇಕೆಂದು ವಿನಂತಿ.